ಜಗಲಿಯ ಬೀಗ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿ ಜಪಮಾಲೆಗಳಿಗಿಂತ ಚಾರ್ಜರ್ ತಂತಿಗಳೇ ಹೆಚ್ಚು ನೇತಾಡುತ್ತಿದ್ದವು.

ಗುರುಗಳ ಹೆಸರು ನಿರ್ವಾಣಯ್ಯ. ಕಣ್ಣು ಕಾಣದವರಿಗೆ ಕನ್ನಡ ಓದಿ ಹೇಳುವ ಒಂದು ತಂತ್ರಾಂಶವನ್ನು ಅವರು ಬರೆದಿದ್ದರು. ಅದರ ಹೆಸರು ಓದುಗ. ಫೋನಿನಲ್ಲಿ ಪತ್ರಿಕೆಯನ್ನೋ ಪುಸ್ತಕವನ್ನೋ ತೆರೆದು ಕೊಟ್ಟರೆ ಓದುಗ ಅದನ್ನು ಗಟ್ಟಿಯಾಗಿ ಓದುತ್ತಿತ್ತು.

ಶಿಷ್ಯರು ಅದನ್ನು ತಿದ್ದುತ್ತ, ಬೆಳೆಸುತ್ತ ಅಲ್ಲೇ ಇದ್ದರು. ಅವರ ಜಪವೂ ಅದೇ, ತಪವೂ ಅದೇ.

ಓದುಗನ ಬಗ್ಗೆ ಏನಾದರೂ ಕೇಳಬೇಕಾದವರಿಗೆ ಅಂತರ್ಜಾಲದಲ್ಲಿ ಒಂದು ತಾಣವಿತ್ತು. ಗುರುಗಳು ಅದಕ್ಕೆ ಜಗಲಿ ಎಂದು ಹೆಸರಿಟ್ಟಿದ್ದರು. ಯಾರು ಬೇಕಾದರೂ ಬಂದು ಪ್ರಶ್ನೆ ಕೇಳಬಹುದು, ಬಲ್ಲವರು ಉತ್ತರ ಹೇಳಬಹುದು. ಊರ ಜಗಲಿಯ ಹಾಗೆ, ಅದಕ್ಕೆ ಬಾಗಿಲಿರಲಿಲ್ಲ.

ಬಾಗಿಲಿಲ್ಲದ ಆ ಜಗಲಿಗೆ ಬೀಗ ತಂದವನು ತ್ರಿಲೋಚನ.

ತ್ರಿಲೋಚನ ಗುರುಗಳ ಹಿರಿಯ ಶಿಷ್ಯ. ಹಿಂದೆ ಯಾರೋ ಕೇಳಿದ್ದ ಪ್ರಶ್ನೆಯನ್ನು ಹೊಸಬರು ಮತ್ತೆ ಕೇಳಿದರೆ ಅವನಿಗೆ ಮೈಯುರಿಯುತ್ತಿತ್ತು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆ ಪ್ರಶ್ನೆಗೆ ಬೀಗ ಬೀಳುತ್ತಿತ್ತು. ಬೀಗದ ಕೆಳಗೆ ಅವನ ಒಂದು ಸಾಲು: "ಇದನ್ನು ಹಿಂದೆಯೇ ಕೇಳಲಾಗಿದೆ. ಅಲ್ಲಿ ನೋಡಿ."

'ಅಲ್ಲಿ' ಎಂಬುದನ್ನು ಒತ್ತಿದರೆ ಹಳೆಯ ಪ್ರಶ್ನೆ ತೆರೆದುಕೊಳ್ಳುತ್ತಿತ್ತು. ಬೀಗ ಬಿದ್ದ ಪ್ರಶ್ನೆಯ ಕೆಳಗೆ ಮತ್ತೆ ಯಾರೂ ಏನೂ ಬರೆಯುವಂತಿರಲಿಲ್ಲ. ಕೇಳಿದವರೂ ಬರೆಯುವಂತಿರಲಿಲ್ಲ, ಉತ್ತರ ಗೊತ್ತಿದ್ದವರೂ ಬರೆಯುವಂತಿರಲಿಲ್ಲ.

ಪ್ರಶ್ನೆ ಕೇಳುವವರಿಗೆ ಅವನು ನಿಯಮಗಳನ್ನೂ ಬರೆದಿದ್ದ. 'ನಮಸ್ಕಾರ' ಎಂದು ಸುಮ್ಮನೆ ಸಾಲು ಕೆಡಿಸಬಾರದು. 'ಅರ್ಜೆಂಟ್' ಎನ್ನಬಾರದು. ಕೈಪಿಡಿ ಓದದೆ ಬಾಯಿ ತೆಗೆಯಬಾರದು. ಕೈಪಿಡಿಯಲ್ಲಿ ಹೇಳಿದ್ದಷ್ಟನ್ನೇ ಮಾಡಬೇಕು, ಸ್ವಂತ ಬುದ್ಧಿ ಓಡಿಸಿ ಕೆಡಿಸಿಕೊಂಡು ಆಮೇಲೆ ಬಂದು ಗೋಳಾಡಬಾರದು.

ಆ ಕೈಪಿಡಿಯನ್ನು ಬರೆದವನೂ ಅವನೇ.

ಅವನ ಹೆಮ್ಮೆಗೆ ಬುಡವಿರಲಿಲ್ಲ ಎನ್ನುವಂತಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ತೊದಲುತ್ತಿದ್ದ ಓದುಗನಿಗೆ ಸ್ಪಷ್ಟವಾಗಿ ಮಾತಾಡಲು ಕಲಿಸಿದವನು ಅವನು. ಅದಕ್ಕಾಗಿ ಊಟ ನಿದ್ದೆ ಬಿಟ್ಟಿದ್ದ. ಜಗಲಿಯಲ್ಲಿ ಬಲ್ಲವರೆಲ್ಲ ಅವನನ್ನು ಕೊಂಡಾಡುತ್ತಿದ್ದರು. ಹೊಗಳಿಕೆ ಕೇಳಿಕೇಳಿ ಅವನ ಬೆನ್ನು ನೆಟ್ಟಗಾಗಿತ್ತು, ತಲೆ ಸ್ವಲ್ಪ ಹಿಂದಕ್ಕೆ ಹೋಗಿತ್ತು, ಅಷ್ಟೆ.

ಆ ವರ್ಷ ಗುರುಪೂರ್ಣಿಮೆ ಹತ್ತಿರ ಬಂದಾಗ ನಿರ್ವಾಣಯ್ಯ ಒಂದು ಮಾತು ಹೇಳಿದರು.

"ನನಗೂ ಕಣ್ಣು ಸೋಲ್ತಾ ಇದೆ. ಈ ಸಲ ಹುಣ್ಣಿಮೆ ದಿನ ಜಗಲಿ ಮಣೆ ಬಿಟ್ಟುಕೊಡ್ತೀನಿ."

ಗುರುಗಳು ದಿನಾ ಬೆಳಿಗ್ಗೆ ಕೂತು ಜಗಲಿಯ ಪ್ರಶ್ನೆಗಳನ್ನು ನೋಡುತ್ತಿದ್ದ ಹಲಸಿನ ಮಣೆ ಅದು. ಅದರ ಮೇಲೆ ಕೂತವರೇ ಜಗಲಿಗೆ ಹಿರಿಯರು. ಯಾರಿಗೆ ಕೊಡುತ್ತೇನೆಂದು ಗುರುಗಳು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಎಲ್ಲರೂ ತ್ರಿಲೋಚನನನ್ನು ನೋಡಿದರು. ತ್ರಿಲೋಚನ ಮಣೆಯನ್ನು ನೋಡಿದ.

ಅಂದು ಸಂಜೆ ಗುರುಗಳು ಹೊಳೆಯಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ತ್ರಿಲೋಚನ ಹೋಗಿ ಪಕ್ಕದಲ್ಲಿ ನಿಂತ.

"ಇವತ್ತು ಜಗಲಿಗೆ ಯಾರಾದ್ರೂ ಬಂದಿದ್ರೇನಪ್ಪಾ?"

"ಬಂದಿದ್ರು ಗುರುಗಳೇ. ಕಳಿಸಿದೆ."

"ಎಲ್ಲಿಗೆ?"

"ಉತ್ತರ ಇರೋ ಕಡೆಗೆ."

"ತಲುಪಿದ್ರಾ?"

ಇಂಥ ಪ್ರಶ್ನೆಯನ್ನು ತ್ರಿಲೋಚನ ತನಗೆ ತಾನೇ ಯಾವತ್ತೂ ಕೇಳಿಕೊಂಡಿರಲಿಲ್ಲ. ಆದರೂ ಉತ್ತರ ತಡವಾಗಲಿಲ್ಲ.

"ತಲುಪಿರ್ತಾರೆ. ಮತ್ತೆ ಕೇಳೋಕೆ ಬರಲಿಲ್ವಲ್ಲ."

ಗುರುಗಳು ಕಾಲು ಒರೆಸಿಕೊಂಡು ಎದ್ದು ಹೋದರು. ತನ್ನ ಉತ್ತರ ಅವರಿಗೆ ಹಿಡಿಸಿತು ಎಂದುಕೊಂಡ ತ್ರಿಲೋಚನ.

ಹುಣ್ಣಿಮೆಗೆ ಇನ್ನೂ ಕೆಲವು ದಿನ ಇರುವಾಗ ಒಬ್ಬ ಹೆಂಗಸು ಬಸ್ಸಿಳಿದು ಆಶ್ರಮದವರೆಗೆ ನಡೆದುಬಂದಳು. ನಡುವಯಸ್ಸು ದಾಟಿತ್ತು. ಕೈಯಲ್ಲಿ ಬಟ್ಟೆ ಚೀಲ. ಬಿಸಿಲಿಗೆ ಮುಖ ಕೆಂಪಾಗಿತ್ತು.

ತ್ರಿಲೋಚನ ಅಂಗಳದಲ್ಲೇ ಇದ್ದ.

"ಇಲ್ಲಿ ತ್ರಿಲೋಚನ ಅಂತ ದೊಡ್ಡೋರು ಒಬ್ರು ಅವ್ರಂತಲ್ಲಪ್ಪಾ, ಅವ್ರನ್ನ ನೋಡ್ಬೇಕಿತ್ತು."

"ನಾನೇ."

ಹೆಂಗಸು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಷ್ಟು ಚಿಕ್ಕ ವಯಸ್ಗೆ ಅಷ್ಟೆಲ್ಲ ಕಲ್ತಿದ್ದೀರಾ? ನಿಮ್ಮನ್ನ ಹೆತ್ತವ್ವ ಪುಣ್ಯ ಮಾಡಿದ್ಲು."

ತ್ರಿಲೋಚನನಿಗೆ ಒಳಗೊಳಗೇ ಹಿಗ್ಗಾಯಿತು. ನೆರಳಿಗೆ ಕರೆದು ಕೂರಿಸಿ ನೀರು ಕೊಟ್ಟ. ಹೆಂಗಸು ಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು ಅವನ ಮುಂದಿಟ್ಟಳು.

"ನಾನು ಹೊಂಬಾಳಮ್ಮ. ತಪ್ಪಾಯ್ತು ಅಂತ ಹೇಳಾಕೆ ಬಂದೆ ಸಾಮಿ."

"ಏನು ತಪ್ಪು?"

"ನಿಮ್ಮ ಜಗಲೀಲಿ ಒಂದು ಪ್ರಶ್ನೆ ಕೇಳ್ಬುಟ್ಟೆ. ಹೆಂಗೆ ಕೇಳ್ಬೇಕು ಅಂತ ಗೊತ್ತಿರ್ನಿಲ್ಲ. ನೀವು ಬೀಗ ಹಾಕಿದ್ರಿ. ಹೆಂಗಾದ್ರೂ ಮಾಡಿ ಅದನ್ನ ತೆಗೀಬೇಕು. ನನಗಲ್ಲ, ನಮ್ಮನೆಯೋರಿಗೆ ಬೇಕು."

ಅವಳ ಗಂಡ ಚಿಕ್ಕೀರಯ್ಯ ಊರಿಗೆಲ್ಲ ಪೇಪರ್ ಓದಿ ಹೇಳುತ್ತಿದ್ದ ಮನುಷ್ಯ. ಬೆಳಿಗ್ಗೆ ಕಟಿಂಗ್ ಶಾಪಿನ ಬೆಂಚಿನ ಮೇಲೆ ಅವನು ಕೂತು ಓದಿದರೆ ಓದು ಬಾರದವರೂ ಕೇಳುತ್ತಿದ್ದರು, ಬರುವವರೂ ಕೇಳುತ್ತಿದ್ದರು. ಸಕ್ಕರೆ ಕಾಯಿಲೆ ಅವನ ಕಣ್ಣು ಕಿತ್ತುಕೊಂಡಿತ್ತು. ಬೇರೆ ಯಾರಾದರೂ ಓದಿ ಹೇಳುತ್ತೇವೆಂದರೆ ಅವನು ಒಪ್ಪುತ್ತಿರಲಿಲ್ಲ. ಯಂತ್ರ ಓದಿದರೆ ಕೇಳುತ್ತೇನೆ, ಅದು ನನ್ನ ಮೇಲೆ ಕನಿಕರ ಪಡುವುದಿಲ್ಲ ಎಂದಿದ್ದ.

"ಓದ್ಸೋಕೆ ಹೋದ್ರೆ ಒಂದಕ್ಸರ ಹೇಳಿ ಸುಮ್ಕಾಗೋಯ್ತದೆ ಸಾಮಿ. ಮತ್ತೆ ಒತ್ತುದ್ರೆ ಮತ್ತೆ ಅದೇ ಅಕ್ಸರ."

"ಅದಕ್ಕೆ ಉತ್ತರ ಇದೆಯಮ್ಮಾ. 'ಅಲ್ಲಿ ನೋಡಿ' ಅಂತ ಬರೆದಿದ್ದೆನಲ್ಲ."

"ನೋಡ್ದೆ. ಅಲ್ಲಿ ಹೋದೆ. ಅಲ್ಲೂ ಬೀಗ. 'ಅಲ್ಲಿ ನೋಡಿ' ಅಂತ ಇತ್ತು. ಅಲ್ಲಿಗೂ ಹೋದೆ. ಕೊನೀಗೆ ಸುತ್ತಾಕ್ಕೊಂಡು ನಾನು ಕೇಳಿದ್ ಪ್ರಶ್ನೆಗೇ ಬಂದ್ಬುಟ್ಟೆ. ನಾನು ದಡ್ಡಿ, ಎಲ್ಲೋ ದಾರಿ ತಪ್ಪಿರ್ಬೇಕು."

"ಹಾಗಾಗೋಕೆ ಸಾಧ್ಯವೇ ಇಲ್ಲ" ಎಂದ ತ್ರಿಲೋಚನ.

ಮಾತು ಕೇಳಿ ಗುರುಗಳು ಹೊರಗೆ ಬಂದಿದ್ದರು. ಗೋಡೆಗೊರಗಿ ಕೂತರು.

"ಸಾಧ್ಯವಿಲ್ಲ ಅಂದ್ರೆ ಸರಿ. ಒಂದು ಸಲ ಹೋಗಿ ಬಾ."

"ಎಲ್ಲಿಗೆ ಗುರುಗಳೇ?"

"ನೀನು ಎಲ್ಲರನ್ನೂ ಕಳಿಸೋ ಕಡೆಗೆ."

ತ್ರಿಲೋಚನ ನಕ್ಕು ಹೊಂಬಾಳಮ್ಮನ ಫೋನು ತೆಗೆದುಕೊಂಡ. ಅವಳ ಪ್ರಶ್ನೆ ತೆರೆದ. ಕೆಳಗೆ ಅವನದೇ ಬೀಗ, ಅವನದೇ ಸಾಲು. ಒತ್ತಿದ.

ಸಿಂಧನೂರಿನ ಒಬ್ಬ ಮೇಷ್ಟ್ರು ಕೇಳಿದ್ದ ಪ್ರಶ್ನೆ ತೆರೆಯಿತು. ಓದುಗ ಒಂದಕ್ಷರ ಹೇಳಿ ನಿಲ್ಲುತ್ತದೆ, ಯಾಕೆ? ಕೆಳಗೆ ಬೀಗ. ಒತ್ತಿದ.

ಕುಮಟಾದ ಒಬ್ಬನದು. ನಮ್ಮ ಅಜ್ಜಿಗೆ ಕಾದಂಬರಿ ಕೇಳುವ ಆಸೆ, ಓದುಗ ಮೊದಲಕ್ಷರದಲ್ಲೇ ನಿಲ್ಲುತ್ತದೆ, ದಯವಿಟ್ಟು ಹೇಳಿ. ಅದರ ಕೆಳಗೆ ಜಗಲಿಯ ಯಾರೋ ಬಲ್ಲವರು 'ಕೈಪಿಡಿ ಓದಿ' ಎಂದಿದ್ದರು. ಅದರ ಕೆಳಗೆ ಬೀಗ. ಒತ್ತಿದ.

ಹೊಂಬಾಳಮ್ಮನ ಪ್ರಶ್ನೆ ತೆರೆಯಿತು.

ತ್ರಿಲೋಚನನಿಗೆ ನೆನಪಾಯಿತು. ಒಂದು ದಿನ ಅವನು ಜಗಲಿಯ ಹಳೆಯ ಪ್ರಶ್ನೆಗಳನ್ನು ಒಪ್ಪ ಮಾಡಲು ಕೂತಿದ್ದ. ಒಂದೇ ಬಗೆಯ ಪ್ರಶ್ನೆಗಳಲ್ಲಿ ಯಾವುದು ಎಲ್ಲಕ್ಕಿಂತ ಸ್ಪಷ್ಟವಾಗಿದೆಯೋ ಅದೇ ಉಳಿಯಲಿ, ಮಿಕ್ಕವೆಲ್ಲ ಅದರ ಕಡೆಗೆ ಕೈ ತೋರಿಸಲಿ ಎಂದು ಕುಮಟಾದವನ ಪ್ರಶ್ನೆಯಿಂದ ಹೊಸದೊಂದಕ್ಕೆ ದಾರಿ ಹಾಕಿದ್ದ. ಆ ಸ್ಪಷ್ಟವಾದ ಪ್ರಶ್ನೆ ಇವಳದು. ಅದಕ್ಕೆ ತಾನೇ ಬೀಗ ಹಾಕಿದ್ದೇನೆಂಬುದು ಅವತ್ತು ಅವನ ಗಮನಕ್ಕೆ ಬಂದಿರಲಿಲ್ಲ.

ಮೂರರಲ್ಲಿ ಒಂದರ ಕೆಳಗೂ ಉತ್ತರವಿರಲಿಲ್ಲ. ಬಂದವರೆಲ್ಲ ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ, ಸುಸ್ತಾಗಿ ಹೋಗಿದ್ದರು.

"ಹೋಗಿ ಬಂದ್ಯಾ?" ಎಂದರು ಗುರುಗಳು.

ತ್ರಿಲೋಚನನ ಕಿವಿ ಬಿಸಿಯಾಗಿತ್ತು.

"ಇದೊಂದು ಸಣ್ಣ ತಪ್ಪಾಗಿದೆ ಗುರುಗಳೇ. ಉತ್ತರ ನನಗೆ ಗೊತ್ತು. ಈಗಲೇ ಹೇಳಿಬಿಡ್ತೀನಿ."

"ಹೇಳು ಮತ್ತೆ."

"ಓದುಗನ ಧ್ವನಿ ಫೋನಿಗೆ ಸರಿಯಾಗಿ ಡೌನ್‌ಲೋಡ್ ಆಗಿರೋದಿಲ್ಲ ಅಷ್ಟೆ."

ನೋಡಿದ. ಧ್ವನಿ ಸರಿಯಾಗಿಯೇ ಇಳಿದಿತ್ತು. ಒಂದು ಪತ್ರಿಕೆ ತೆರೆದು ಸಾಲಿನ ಮೇಲೆ ಬೆರಳು ತಾಗಿಸಿದ. ಓದುಗ ನೀರು ಹರಿದ ಹಾಗೆ ಓದಿತು.

"ನೋಡಿಯಮ್ಮಾ, ಏನೂ ಆಗಿಲ್ಲ ಇದಕ್ಕೆ."

ಹೊಂಬಾಳಮ್ಮ ಫೋನು ತೆಗೆದುಕೊಂಡು ಒತ್ತಿದಳು. "ಇ" ಎಂದಿತು ಓದುಗ. ಸುಮ್ಮನಾಯಿತು.

ತ್ರಿಲೋಚನ ಮತ್ತೆ ಇಸಿದುಕೊಂಡ. ಅವನ ಕೈಯಲ್ಲಿ ಅದು ಸೊಗಸಾಗಿ ಓದಿತು. ಅವಳ ಕೈಗೆ ಕೊಟ್ಟ. "ಇ" ಎಂದು ನಿಂತಿತು.

"ನನ್ನ ಕಂಡ್ರೆ ಅದ್ಕಾಗಕಿಲ್ಲ" ಎಂದಳು ಹೊಂಬಾಳಮ್ಮ, ಸಣ್ಣ ದನಿಯಲ್ಲಿ.

ತ್ರಿಲೋಚನ ಓದುಗನನ್ನು ಕಿತ್ತು ಹಾಕಿ ಮತ್ತೆ ಹೊಸದಾಗಿ ಇಳಿಸಿದ. ಸೆಟ್ಟಿಂಗ್ಸ್ ಎಲ್ಲ ತಡಕಿದ. ಫೋನು ಆರಿಸಿ ಹಚ್ಚಿದ. ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ತಂತಿ ಸಿಕ್ಕಿಸಿ, ಓದುಗನ ಹೊಟ್ಟೆಯೊಳಗಿನ ಸಾಲುಗಳನ್ನೆಲ್ಲ ಓದಿದ. ಊಟದ ಗಂಟೆ ಹೊಡೆಯಿತು, ಅವನು ಏಳಲಿಲ್ಲ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಂತು.

ಪಾಪ, ತನಗೆ ಗೊತ್ತಿಲ್ಲ ಎನ್ನುವ ಮಾತು ಅವನ ನಾಲಿಗೆಗೆ ಅಭ್ಯಾಸವಿರಲಿಲ್ಲ.

"ಗುರುಗಳೇ" ಎಂದ ಕೊನೆಗೆ. "ನನಗೆ ಗೊತ್ತಾಗ್ತಿಲ್ಲ."

"ಫೋನ್ ನೋಡಿದ್ದು ಸಾಕು" ಎಂದರು ಗುರುಗಳು. "ಸ್ವಲ್ಪ ಹೊತ್ತು ಆಯಮ್ಮನ್ನ ನೋಡು."

ತ್ರಿಲೋಚನ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಟ್ಟ. ಹೊಂಬಾಳಮ್ಮನ ಪಕ್ಕ ನೆಲದ ಮೇಲೆ ಕೂತ.

"ಇನ್ನೊಂದ್ ಸಲ ಮಾಡಿ ತೋರ್ಸಿಯಮ್ಮಾ. ನಿಧಾನಕ್ಕೆ. ಮನೇಲಿ ಹೇಗೆ ಮಾಡ್ತೀರೋ ಹಾಗೇ."

ಅವಳು ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ಸೆರಗಿನಿಂದ ಗಾಜು ಒರೆಸಿದಳು. ಸಾಲಿನ ಮೇಲೆ ತೋರುಬೆರಳಿಟ್ಟಳು. "ಇ" ಎಂದಿತು ಓದುಗ. ಅವಳು ಬೆರಳು ಅಲ್ಲೇ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕಾದಳು. ಒತ್ತಿದ ರಭಸಕ್ಕೆ ಉಗುರು ಬೆಳ್ಳಗಾಗಿತ್ತು.

"ಬೆರಳು ಯಾಕೆ ಹಾಗೆ ಒತ್ತಿ ಹಿಡ್ದಿದ್ದೀರಿ?"

"ನೀವೇ ಬರ್ದಿದ್ದೀರಲ್ಲ ಸಾಮಿ. ಓದಬೇಕಾದ ಸಾಲಿನ ಮೇಲೆ ಬೆರಳಿಡಿ ಅಂತ."

"ಇಟ್ಟ ಮೇಲೆ ಎತ್ತಬೇಕಲ್ಲಮ್ಮಾ."

"ಎತ್ತಿ ಅಂತ ಬರ್ದಿಲ್ವಲ್ಲ" ಎಂದಳು ಹೊಂಬಾಳಮ್ಮ. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ, ಗಾಬರಿಯಿತ್ತು. "ಬರ್ದಿದ್ದಷ್ಟೇ ಮಾಡ್ಬೇಕು ಅಂತ ನಿಯಮದಾಗೂ ಐತೆ. ಅದ್ಕೇ ನಾನು ಅಲ್ಲಾಡ್ಸೇ ಇಲ್ಲ."

ತ್ರಿಲೋಚನ ತನ್ನ ಕೈಪಿಡಿ ತೆರೆದು ನೋಡಿದ. ಓದಬೇಕಾದ ಸಾಲಿನ ಮೇಲೆ ಬೆರಳಿಡಿ. ಓದುಗ ಅಲ್ಲಿಂದ ಓದತೊಡಗುತ್ತದೆ. ಅಷ್ಟೇ ಇತ್ತು. ಬೆರಳು ಗಾಜಿನ ಮೇಲೆ ಇರುವಷ್ಟು ಹೊತ್ತೂ ಓದುಗ ಮುಂದಿನ ಅಪ್ಪಣೆಗೆ ಕಾಯುತ್ತ ನಿಲ್ಲುತ್ತದೆ ಎಂದು ಎಲ್ಲೂ ಇರಲಿಲ್ಲ. ಬರೆಯಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ. ಬೆರಳಿಟ್ಟವರು ಎತ್ತುತ್ತಾರೆ, ಅದನ್ನೂ ಹೇಳಬೇಕೆ?

ಗುರುಗಳು ಸಣ್ಣಗೆ ನಕ್ಕರು.

"ಹಾಗಾದ್ರೆ ಕೈಪಿಡಿ ಓದದೆ ಇದ್ದೋರೆಲ್ಲ ಬಚಾವಾದ್ರು."

ತ್ರಿಲೋಚನನಿಗೆ ನಗು ಬರಲಿಲ್ಲ. ಕೈಪಿಡಿ ಓದಿಲ್ಲವೆಂದು ತಾನು ಬೈದು ಕಳಿಸಿದವರೇ ಅದನ್ನು ಅಕ್ಷರ ಬಿಡದೆ ಓದಿದವರು. ಅವನ ಮಾತನ್ನು ಅಷ್ಟು ನಂಬಿದವರು ಜಗಲಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನಿಗೆ ಬಹಳ ನಾಚಿಕೆಯಾಯಿತು.

"ತಪ್ಪು ನಿಮ್ಮದಲ್ಲಮ್ಮಾ, ನನ್ನದು" ಎಂದ. "ಬೆರಳಿಡಿ. ಒಂದಕ್ಷರ ಹೇಳುತ್ತಲ್ಲ, ಆಗ ಎತ್ತಿಬಿಡಿ."

ಹೊಂಬಾಳಮ್ಮ ಬೆರಳಿಟ್ಟಳು. ಎತ್ತಿದಳು.

"ಇಂದಿನ ತರಕಾರಿ ಧಾರಣೆ" ಎಂದು ಓದುಗ ಶುರುಮಾಡಿತು. ಹುರುಳಿಕಾಯಿ, ಮೂಲಂಗಿ, ಸೀಮೆಬದನೆ, ಒಂದೂ ಬಿಡದೆ ಓದುತ್ತ ಹೋಯಿತು. ಹೊಂಬಾಳಮ್ಮ ಹರಿಕಥೆ ಕೇಳುವವಳ ಹಾಗೆ ಕೈಮುಗಿದುಕೊಂಡು ಪೂರ್ತಿ ಕೇಳಿದಳು. ಮುಗಿದ ಮೇಲೆ ಬೇರೊಂದು ಸಾಲಿನ ಮೇಲೆ ತಾನೇ ಬೆರಳಿಟ್ಟು, ತಾನೇ ಎತ್ತಿದಳು. ಅದೂ ಓದಿತು.

"ನಾನೇ ಓದ್ಸುದ್ದು" ಎಂದಳು. ಬಂದಾಗ ಮುದುಡಿಕೊಂಡಿದ್ದ ಹೆಂಗಸು ಈಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

"ನಿಮ್ಮ ಯಜಮಾನರಿಗೆ ನಾನು ಫೋನ್ ಮಾಡಿ ಹೇಳ್ಲಾ?" ಎಂದು ಕೇಳಿದ ತ್ರಿಲೋಚನ.

"ಬ್ಯಾಡಿ ಸಾಮಿ. ಅವ್ರು ಊರಿಗೆಲ್ಲ ಓದಿ ಹೇಳ್ದೋರು. ಅವ್ರಿಗೆ ನಾನು ಹೇಳ್ಕೊಡ್ಬೇಕು."

ಕೋಡುಬಳೆಯ ಡಬ್ಬಿಯನ್ನು ಅಲ್ಲೇ ಬಿಟ್ಟು ಅವಳು ಬಸ್ಸಿಗೆ ಹೊರಟಳು. ಬಂದ ದಾರಿಯಲ್ಲೇ ಹೋದಳು, ಆದರೆ ಬಂದ ನಡಿಗೆಯಲ್ಲಲ್ಲ. ಅವಳು ತಿರುವು ದಾಟುವವರೆಗೂ ತ್ರಿಲೋಚನ ನೋಡುತ್ತ ನಿಂತ. ಒತ್ತಕ್ಷರ ತೊದಲದಂತೆ ಮಾಡಿದ ದಿನವೂ ಅವನಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಯಾರ ಬಗ್ಗೆ ಹೆಮ್ಮೆ ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

"ನಿಮಗೆ ಮೊದಲೇ ಗೊತ್ತಿತ್ತಾ ಗುರುಗಳೇ, ಬೆರಳಿನ ವಿಷಯ?"

"ಇಲ್ಲಪ್ಪ. ನಾನೂ ಇಷ್ಟು ವರ್ಷ ಇಡ್ತಿದ್ದೆ, ಎತ್ತುತಿದ್ದೆ. ಎತ್ತುತೀನಿ ಅನ್ನೋದೇ ಗೊತ್ತಿರಲಿಲ್ಲ."

"ಮತ್ತೆ ಅವತ್ತು ತಲುಪಿದ್ರಾ ಅಂತ ಯಾಕೆ ಕೇಳಿದ್ರಿ?"

"ಉತ್ತರ ಸಿಕ್ಕಿದೋರು, ಸಿಕ್ತು ಅಂತ ಹೇಳೋಕೆ ಜಗಲಿಗೆ ಒಂದ್ಸಲ ವಾಪಸ್ ಬರ್ತಾರೆ. ಯಾರೂ ಬಂದಿರಲಿಲ್ಲ."

ಆವತ್ತಿನಿಂದ ತ್ರಿಲೋಚನ ಬೀಗ ತೆಗೆಯಲು ಕೂತ. ಹಾಕುವಾಗ ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕಾಗಿತ್ತು. ತೆಗೆಯುವಾಗ ಹಾಗಾಗಲಿಲ್ಲ. ಪ್ರತಿಯೊಂದು ಪ್ರಶ್ನೆಯನ್ನೂ ಓದಿದ. ಕೇಳಿದವರಿಗೆ ಹೆಸರು ಹಿಡಿದು ಬರೆದ: ಇಷ್ಟು ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ, ಹೀಗೆ ಮಾಡಿ ನೋಡಿ.

ಕೈಪಿಡಿಗೆ ಎರಡೇ ಪದ ಸೇರಿಸಿದ. ಬೆರಳು ಎತ್ತಿ.

ಕೆಲವರು ಉತ್ತರಿಸಿದರು, ಕೆಲವರು ಇಲ್ಲ. ಸಿಂಧನೂರಿನ ಮೇಷ್ಟ್ರು 'ಓದುತ್ತಿದೆ' ಎಂದು ಬರೆದು ಕೆಳಗೆ ತಮ್ಮ ಶಾಲೆಯ ಕಣ್ಣು ಕಾಣದ ಮಕ್ಕಳ ಹೆಸರನ್ನೆಲ್ಲ ಹಾಕಿದ್ದರು.

ಕುಮಟಾದಿಂದಲೂ ಉತ್ತರ ಬಂತು. "ತಿಳಿಸಿದ್ದಕ್ಕೆ ಧನ್ಯವಾದ. ಅಜ್ಜಿ ಹೋದ ವರ್ಷ ತೀರಿಕೊಂಡರು."

ಆ ಸಾಲನ್ನು ಓದಿ ತ್ರಿಲೋಚನ ಹೊಳೆಯ ಕಡೆಗೆ ಎದ್ದು ಹೋದ. ಅಲ್ಲಿ ಕೂತು ಅತ್ತ. ಯಾವುದೋ ಕಾದಂಬರಿ ಕೇಳಬೇಕೆಂದಿದ್ದ ಒಬ್ಬ ಮುದುಕಿ ಮೊದಲ ಅಕ್ಷರದಾಚೆಗೆ ಹೋಗದೆ ಸತ್ತಿದ್ದಳು. ಅವಳ ದಾರಿಗೆ ಅಡ್ಡ ಇದ್ದದ್ದು ಎರಡು ಪದ, ಮತ್ತು ಅವನ ಬೀಗ.

ಗುರುಪೂರ್ಣಿಮೆ ಬಂತು. ಬೆಳಿಗ್ಗೆಯೇ ಊರೂರಿನಿಂದ ಜಗಲಿಯ ಬಲ್ಲವರು ಬಂದಿದ್ದರು. ಮುಖ ನೋಡದೆ ಬರೀ ಹೆಸರಿನಿಂದ ಪರಿಚಯವಿದ್ದವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಎಲ್ಲರೂ ತ್ರಿಲೋಚನನ ಬೆನ್ನು ತಟ್ಟಿದರು. ಹಲಸಿನ ಮಣೆಗೆ ಯಾರೋ ಎಣ್ಣೆ ಸವರಿ ಮಿರಮಿರ ಎನ್ನುವಂತೆ ಮಾಡಿದ್ದರು.

ಗುರುಗಳು ಮಾತು ಶುರುಮಾಡುವ ಮೊದಲೇ ತ್ರಿಲೋಚನ ಎದ್ದು ನಿಂತ.

ಹೊಂಬಾಳಮ್ಮನ ವಿಷಯ ಹೇಳಿದ. ಉತ್ತರವಿಲ್ಲದ ಪ್ರಶ್ನೆಗಳಿಗೆ ತಾನು ಬೀಗ ಹಾಕಿದ್ದನ್ನು ಹೇಳಿದ. ಕೈಪಿಡಿಯಲ್ಲಿ ಬಿಟ್ಟುಹೋಗಿದ್ದ ಎರಡು ಪದ ಹೇಳಿದ. ಕುಮಟಾದ ಅಜ್ಜಿಯ ವಿಷಯವನ್ನೂ ಹೇಳಿದ. ಹೇಳಬೇಕಾದ್ದನ್ನು ಎಲ್ಲರ ಎದುರು ತಲೆಯೆತ್ತಿ ಹೇಳಿದ.

"ಇಷ್ಟು ದಿನ ಆ ಮಣೆ ನನ್ನದು ಅಂದ್ಕೊಂಡಿದ್ದೆ" ಎಂದ. "ಬೇರೆ ಯಾರಿಗಾದ್ರೂ ಕೊಡಿ ಗುರುಗಳೇ."

ಗುರುಗಳು ಅವನ ಮುಖ ನೋಡಿದರು.

"ಸರಿ. ಕೂತ್ಕೋ. ಊಟಕ್ಕೆ ಮುಂಚೆ ನೋಡೋಣ."

ತ್ರಿಲೋಚನ ಕೂರುವಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಜಗಲಿಗೆ ಯಾರೋ ಬಂದಿದ್ದರು.

"ನಮಸ್ಕಾರ ನಮಸ್ಕಾರ. ಅರ್ಜೆಂಟ್. ಓದುಗ ಓದ್ತಾ ಇಲ್ಲ. ಯಾರಾದರೂ ಇದ್ದೀರಾ."

ಒಂದೇ ಪ್ರಶ್ನೆಯಲ್ಲಿ ಅವನ ನಿಯಮಗಳನ್ನೆಲ್ಲ ಮುರಿದು ಹಾಕಿದ್ದರು. ಪಕ್ಕದಲ್ಲಿದ್ದ ಕಿರಿಯ ಶಿಷ್ಯ ಬಗ್ಗಿ ನೋಡಿ ಪಿಸುಗುಟ್ಟಿದ.

"ಬೀಗ ಹಾಕ್ಲಾ ಅಣ್ಣಾ?"

"ಬೇಡ. ಯಾರಾದರೂ ಇದ್ದೀರಾ ಅಂತ ಕೇಳ್ತಾ ಇದಾರೆ."

ತ್ರಿಲೋಚನ ಸದ್ದಾಗದಂತೆ ಎದ್ದು ಹೊರಗೆ ಹೋಗಿ ಅರಳಿಕಟ್ಟೆಯ ಮೇಲೆ ಕೂತ. "ಇದ್ದೇನೆ. ಹೇಳಿ" ಎಂದು ಬರೆದ.

ಸುಲಭವಾಗಿರಲಿಲ್ಲ. ಆ ಮನುಷ್ಯನಿಗೆ ಸೆಟ್ಟಿಂಗ್ಸ್ ಎಂದರೆ ಏನೆಂದು ತಿಳಿಯದು. ಮೇಲೆ ಎಂದರೆ ಕೆಳಗೆ ಒತ್ತುತ್ತಿದ್ದ. ನಡುವೆ ಸುಮ್ಮನಾದ. ತ್ರಿಲೋಚನ ಕಾದ. ಆತ ಮತ್ತೆ ಬಂದು, ಎಮ್ಮೆ ಹಗ್ಗ ಬಿಚ್ಚಿಕೊಂಡಿತ್ತು, ಕಟ್ಟಿ ಬಂದೆ ಎಂದ. ತ್ರಿಲೋಚನ ಮತ್ತೆ ಮೊದಲಿನಿಂದ ಶುರುಮಾಡಿದ. ಬೆರಳು ಎಲ್ಲಿಟ್ಟಿದ್ದೀರಿ? ಎತ್ತಿದಿರಾ? ಫೋನಿನ ಪಕ್ಕದಲ್ಲಿ ಒಂದು ಉದ್ದ ಗುಂಡಿ ಇದೆಯಲ್ಲ, ಅದರ ಮೇಲ್ಭಾಗ ಒತ್ತಿ ನೋಡಿ.

ಫೋನಿನ ಸದ್ದು ಪೂರ್ತಿ ಕಡಿಮೆಯಾಗಿತ್ತು, ಅಷ್ಟೆ. ಓದುಗ ಬೆಳಗಿನಿಂದ ಓದುತ್ತಲೇ ಇತ್ತು, ಪಾಪ, ಯಾರಿಗೂ ಕೇಳಿಸುತ್ತಿರಲಿಲ್ಲ.

"ಓದ್ತಿದೆ ಓದ್ತಿದೆ" ಎಂದು ಬಂತು ಅತ್ತಲ ಸಾಲು.

ಆ ಸಾಲನ್ನು ತ್ರಿಲೋಚನ ಮತ್ತೆ ಮತ್ತೆ ಓದಿದ. ಎದೆ ತುಂಬಿ ಬಂತು. ಒಬ್ಬನೇ ಕೂತು ನಕ್ಕ. ಮತ್ತೇನಾದರೂ ಬೇಕಿದ್ದರೆ ಬನ್ನಿ ಎಂದು ಬರೆದು ಎದ್ದ.

ಒಳಗೆ ಬಂದಾಗ ಎಲೆ ಎತ್ತುತ್ತಿದ್ದರು. ಊಟ ಮುಗಿದುಹೋಗಿತ್ತು. ಬಂದವರು ಅಲ್ಲಲ್ಲಿ ಕೂತು ಹರಟುತ್ತಿದ್ದರು. ಗುರುಗಳು ಚಾಪೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು.

ತ್ರಿಲೋಚನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತ. ಕೊಟ್ಟಿದ್ದು ಯಾರಿಗಾದರೂ ಸರಿ, ಅವರಿಗೆ ಮನಸಾರೆ ನಮಸ್ಕಾರ ಮಾಡಬೇಕೆಂದು ಬರುವಾಗಲೇ ನಿಶ್ಚಯಿಸಿದ್ದ.

"ಕ್ಷಮಿಸಿ ಗುರುಗಳೇ, ಹೊರಗೆ ಸ್ವಲ್ಪ ಹೊತ್ತಾಗೋಯ್ತು. ಮಣೆ ಯಾರಿಗೆ ಕೊಟ್ರಿ?"

ಗುರುಗಳು ಅಡಿಕೆ ಹೋಳೊಂದನ್ನು ಅವನ ಅಂಗೈಗೆ ಹಾಕಿದರು.

"ಕೊಡೋಣ ಅಂತ ಕರೆಯೋಕೆ ಬಂದೆ. ಕಟ್ಟೆ ಮೇಲೆ ಯಾರಿಗೋ ಹೇಳಿಕೊಡ್ತಾ ಕೂತಿದ್ದ, ಎಬ್ಬಿಸೋಕೆ ಮನಸ್ಸಾಗಲಿಲ್ಲ."